24 ಗಂಟೆಯ ಮೂತ್ರ ಕ್ಯಾನಿಗೆ ಹಿಡಿಯುವುದು ಹೇಗೆ? ಮಾಡಿಸಿದವರು ಹೇಳಿ

ತೀರ್ಥಹಳ್ಳಿಯಿಂದ ಪ್ರಶ್ನೆ:
ಅಪ್ಪಯ್ಯನಿಗೆ 68, ಆಳು ತೀರಾ ಸಣಕಲು. ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಮೂತ್ರಕ್ಕೆ ಹಾಕುವ ಕಸ) 1.5, ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತದೆ ಅನ್ನೋ ಅಂದಾಜು) 50 ಬಂದಿದೆ. ಆದರೂ ಡಾಕ್ಟರು 24 ಗಂಟೆ ಮೂತ್ರ ಹಿಡಿದು ಕ್ರಿಯಾಟಿನಿನ್ ಕ್ಲಿಯರೆನ್ಸ್ (ಕಿಡ್ನಿ ಆ ಕಸವನ್ನು ಎಷ್ಟು ತೆಗೆಯುತ್ತಿದೆ ಅನ್ನೋ ಪರೀಕ್ಷೆ) ಮಾಡಿಸಿ ಅಂದರು. ರಕ್ತ ಕೊಟ್ಟ ಮೇಲೂ ಇದು ಬೇಕಾ? ಅಪ್ಪಯ್ಯ ದಿನವಿಡೀ ತೋಟದಲ್ಲೇ ಇರುವವರು. ಹೇಗೆ ನಿಭಾಯಿಸಿದಿರಿ?

ಸಾಗರದಿಂದ:
ನಮ್ಮ ಮಾವನವರಿಗೆ ಮಾಡಿಸಿದ್ದೆವು. ಬೆಳಿಗ್ಗೆ ಎದ್ದ ಕೂಡಲೇ ಹೋಗುವುದನ್ನು ಹಿಡಿಯಬೇಡಿ, ಅದು ರಾತ್ರಿಯ ಲೆಕ್ಕದ್ದು. ಆಗಿನ ಗಂಟೆ ಬರೆದಿಡಿ. 6 ಗಂಟೆ ಅಂದುಕೊಳ್ಳಿ. ಅಲ್ಲಿಂದ ಮರುದಿನ 6ರವರೆಗಿನದ್ದೆಲ್ಲ ಕ್ಯಾನಿಗೆ. ಆ ಕೊನೆಯ 6 ಗಂಟೆಯದ್ದೂ ಸೇರಬೇಕು. ಕಕ್ಕಸಿಗೆ ಕೂರುವ ಮೊದಲೇ ಮೂತ್ರ ಹಿಡಿದುಬಿಡಲಿ, ತಪ್ಪಿಹೋಗೋದು ಅಲ್ಲೇ ಜಾಸ್ತಿ. ಇನ್ನು ತೋಟ. ಗಂಡಸರಿಗೆ ಅಡಿಕೆ ಮರದ ಬುಡ ಇದ್ದೇ ಇದೆ, ಅಲ್ವಾ? ಮಾವನವರ ಚೀಲಕ್ಕೆ ಎಲೆಅಡಿಕೆ ಸಂಚಿ ಜೊತೆ ಅಗಲ ಬಾಯಿಯ ಡಬ್ಬಿಯನ್ನೂ ಹಾಕಿ ಕಳಿಸಿದ್ದೆವು. ಅಡಿಕೆ ಗೊನೆ ಕೊಯ್ಲಿನ ದಿನ ಮಾತ್ರ ಇದಕ್ಕೆ ಕೈ ಹಾಕಬೇಡಿ.

ಕ್ಯಾನ್ ತಂಪಾಗಿರಬೇಕು. ಫ್ರಿಜ್ಜಿನಲ್ಲಿಡಲು ನಮ್ಮತ್ತೆ ಬಿಡಬೇಕಲ್ಲ! ಬಕೆಟ್ಟಿಗೆ ಐಸ್ ತುಂಬಿ ಬಚ್ಚಲಿನ ಮೂಲೆಯಲ್ಲಿ ಇಟ್ಟೆವು. ಮಳೆಗಾಲದ ಕರೆಂಟು ನಂಬುವುದಕ್ಕಿಂತ ಅದೇ ವಾಸಿ.

ಶಿವಮೊಗ್ಗದಿಂದ, ಲ್ಯಾಬ್ ಕೆಲಸದವನು:
ಯಾಕೆ ಬೇಕು ಅಂದರೆ, ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ. ಸಣಕಲು ಆಳಿನಲ್ಲಿ ಹುಟ್ಟುವುದೇ ಕಮ್ಮಿ. ಹಾಗಾಗಿ ಕಿಡ್ನಿ ಸೋತಿದ್ದರೂ ರಕ್ತದ ಅಂಕಿ ಸುಮಾರಾಗಿಯೇ ಕಾಣುತ್ತದೆ. ಇಜಿಎಫ್‌ಆರ್ ಅನ್ನೋದು ಆ ಅಂಕಿ, ವಯಸ್ಸು, ಗಂಡೋ ಹೆಣ್ಣೋ ನೋಡಿ ಮಾಡಿದ ಅಂದಾಜು. ನಿಮ್ಮ ತಂದೆಯ ಮೈಕಟ್ಟು ಅದಕ್ಕೆ ಗೊತ್ತಿಲ್ಲ.

ಲೆಕ್ಕ ನೋಡಿ. ಒಂದು ದಿನಕ್ಕೆ 1440 ನಿಮಿಷ. ಮೂತ್ರ 1440 ಮಿಲಿ ಬಂತು ಅನ್ನಿ, ನಿಮಿಷಕ್ಕೆ 1 ಮಿಲಿ ಆಯಿತು. ಮೂತ್ರದಲ್ಲಿ ಕ್ರಿಯಾಟಿನಿನ್ 60, ರಕ್ತದಲ್ಲಿ 1.5 ಇದ್ದರೆ 60 ಗುಣಿಸು 1, ಭಾಗಿಸು 1.5, ಅಂದರೆ 40. ನಿಮಿಷಕ್ಕೆ 40 ಮಿಲಿ ರಕ್ತದ್ರವದಿಂದ ಕಿಡ್ನಿ ಕ್ರಿಯಾಟಿನಿನ್ ತೆಗೆದುಹಾಕುತ್ತಿದೆ ಅಂತ. ಗಟ್ಟಿಮುಟ್ಟಾದ ಹರೆಯದವರಲ್ಲಿ ಇದು 100ರ ಆಸುಪಾಸು ಇರುತ್ತದೆ. ಈಗ ತೋಟದಲ್ಲಿ ಒಂದು ಸಲದ 360 ಮಿಲಿ ಮಣ್ಣಿಗೆ ಹೋಯಿತು ಅನ್ನಿ. ನಿಮಿಷಕ್ಕೆ ಮುಕ್ಕಾಲು ಮಿಲಿ ಅಷ್ಟೇ ಆಯಿತು, ಲೆಕ್ಕ 30ಕ್ಕೆ ಇಳಿಯಿತು! ಸುಮ್ನೆ ಗಾಬರಿ. ತಪ್ಪಿಹೋದರೆ ಮುಚ್ಚಿಡಬೇಡಿ, ಇನ್ನೊಂದು ದಿನ ಹೊಸದಾಗಿ ಹಿಡಿಯಿರಿ. ಎಲ್ಲ ಸರಿ ಹಿಡಿದರೂ ಈ ಪರೀಕ್ಷೆ ನಿಜಕ್ಕಿಂತ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಸೋಸಿದ್ದಲ್ಲದೆ ಕಿಡ್ನಿಯ ನಾಳಗಳು ಒಂದಷ್ಟು ಕ್ರಿಯಾಟಿನಿನ್ನನ್ನು ತಾವೇ ಮೂತ್ರಕ್ಕೆ ತಳ್ಳುತ್ತವೆ.

ನೀರು ದಿನದಂತೆ ಕುಡಿಯಲಿ. ಬಾಡೂಟ ಬೇಡ. ಮಾತ್ರೆಗಳ ಪಟ್ಟಿ ಡಾಕ್ಟರಿಗೆ ತೋರಿಸಿ.

ಹೊಸನಗರದಿಂದ:
ನಮ್ಮ ಅಣ್ಣನಿಗೆ ಒಂದೇ ಕಿಡ್ನಿಯಲ್ಲಿ ತೊಂದರೆ ಇತ್ತು. ಕ್ಯಾನಿನ ಲೆಕ್ಕದಲ್ಲಿ ಎಡ ಬಲ ತಿಳಿಯುವುದಿಲ್ಲ. ಅದಕ್ಕೆ ಡಿಟಿಪಿಎ ಅನ್ನೋ ಕಿಡ್ನಿ ಸ್ಕ್ಯಾನಿಗೆ ಬರೆದರು. ಕೈಗೆ ಇಂಜೆಕ್ಷನ್, ಕ್ಯಾಮೆರಾ ಕೆಳಗೆ ಮಲಗುವುದು, ಎರಡೂ ಕಿಡ್ನಿಯ ಕೆಲಸದ ಲೆಕ್ಕ ಬೇರೆ ಬೇರೆ ಬಂತು. ನಿಮಗೆ ಬೇಕೋ ಇಲ್ಲವೋ ಡಾಕ್ಟರು ಹೇಳಲಿ.

ತೀರ್ಥಹಳ್ಳಿಯಿಂದ:
ಉಪಕಾರ ಆಯ್ತು. ಬಸ್ಸಿನಲ್ಲಿ ಇಡೀ ಕ್ಯಾನ್ ತರಬೇಕಾ? ಸಣ್ಣ ಬಾಟಲಿಯಲ್ಲಿ ಸ್ವಲ್ಪ ತಂದರೆ ಸಾಲದಾ?

ಲ್ಯಾಬಿನವನು:
ಇಡೀ ಕ್ಯಾನೇ ಬೇಕು, ಒಟ್ಟು ಎಷ್ಟು ಮಿಲಿ ಅಂತ ಅಳೆಯಬೇಕಲ್ಲ. ಮುಚ್ಚಳ ಬಿಗಿ ಮಾಡಿ, ಹೆಸರು, ಶುರು ಮಾಡಿದ ಗಂಟೆ, ಮುಗಿಸಿದ ಗಂಟೆ ಬರೆದು ಅಂಟಿಸಿ. ಅಪ್ಪಯ್ಯನನ್ನೂ ಜೊತೆಗೇ ಕರೆತನ್ನಿ. ರಕ್ತವನ್ನೂ ಅವತ್ತೇ ತೆಗೆಯಬೇಕು.