ಎಂಆರ್‌ಸಿಒಜಿ ಪಾರ್ಟ್ 2: ಗೈಡ್‌ಲೈನ್ ಓದುವುದು ಹೇಗೆ?

ಮಲ್ಪೆ ಗಾಳಿ:
ಒಬಿಜಿಯಲ್ಲಿ (ಹೆರಿಗೆ ಮತ್ತು ಸ್ತ್ರೀರೋಗ ವಿಭಾಗ) ಎಂ.ಎಸ್. ಮುಗಿದಿದೆ, ಈಗ ಉಡುಪಿಯಲ್ಲಿ ಡ್ಯೂಟಿ ಮಾಡುತ್ತಾ ಬ್ರಿಟನ್ನಿನ ಎಂಆರ್‌ಸಿಒಜಿ ಪರೀಕ್ಷೆಯ ಪಾರ್ಟ್ 2ಕ್ಕೆ ಓದುತ್ತಿದ್ದೇನೆ. ಗ್ರೀನ್-ಟಾಪ್, ನೈಸ್ ಅಂತ ಅಲ್ಲಿನ ಚಿಕಿತ್ಸೆಯ ಗೈಡ್‌ಲೈನ್‌ಗಳನ್ನೆಲ್ಲ ಪ್ರಿಂಟ್ ತೆಗೆಸಿಟ್ಟಿದ್ದೇನೆ. ಓದುವಾಗ ಅರ್ಥ ಆಗುತ್ತದೆ, ಆದರೆ ಲೇಬರ್ ರೂಮಿನಲ್ಲಿ ನಾವು ಕೊಡುವ ಡೋಸ್ ಬೇರೆ, ಅಲ್ಲಿ ಬರೆದದ್ದು ಬೇರೆ, ಎರಡೂ ತಲೆಯಲ್ಲಿ ಕಲಸಿಹೋಗುತ್ತದೆ. ಪೂರ್ತಿ ಬಾಯಿಪಾಠ ಮಾಡಬೇಕಾ?

ಕುಡ್ಲದ ಅಕ್ಕ:
ಬೇಡ ಮಾರಾಯ್ರೆ. ಎಲ್ಲಿ ವ್ಯತ್ಯಾಸ ಉಂಟೋ ಅದನ್ನೇ ಮೊದಲು ಹಿಡಿಯಿರಿ. ಎಕ್ಲಾಂಪ್ಸಿಯಾ (ಬಸುರಿಯಲ್ಲಿ ಬಿಪಿ ಏರಿ ಬರುವ ಫಿಟ್ಸ್) ತೆಗೆದುಕೊಳ್ಳಿ. ನಮ್ಮಲ್ಲಿ ಜಾಸ್ತಿ ನೋಡುವುದು ಪ್ರಿಚರ್ಡ್ ಕ್ರಮ: ಮ್ಯಾಗ್‌ಸಲ್ಫ್ (ಮೆಗ್ನೀಸಿಯಂ ಸಲ್ಫೇಟ್) 4 ಗ್ರಾಂ ಐವಿ, ಅಂದರೆ ರಕ್ತನಾಳಕ್ಕೆ, ಜೊತೆಗೆ ಎರಡೂ ಸೊಂಟಕ್ಕೆ 5 ಗ್ರಾಂನಂತೆ ಇಂಜೆಕ್ಷನ್, ಮತ್ತೆ 4 ಗಂಟೆಗೊಮ್ಮೆ 5 ಗ್ರಾಂ. ನೈಸ್‌ನಲ್ಲಿ 4 ಗ್ರಾಂ ಐವಿ 5ರಿಂದ 15 ನಿಮಿಷದಲ್ಲಿ, ಆಮೇಲೆ ಗಂಟೆಗೆ 1 ಗ್ರಾಂನಂತೆ 24 ಗಂಟೆ. ಅಷ್ಟೇ.

ಬಸುರಿಯರ ಶುಗರ್ ಟೆಸ್ಟ್ ಕೂಡ ಹಾಗೆಯೇ. ನಮ್ಮ ದೇಶದ ಡಿಪ್ಸಿ ಕ್ರಮದಲ್ಲಿ ತಿಂಡಿ ತಿಂದು ಬಂದವರಿಗೂ 75 ಗ್ರಾಂ ಗ್ಲೂಕೋಸ್ ಕುಡಿಸಿ 2 ಗಂಟೆ ಬಿಟ್ಟು 140 ಆಯ್ತಾ ಅಂತ ನೋಡುತ್ತೇವೆ, ನೈಸ್‌ನಲ್ಲಿ ರಿಸ್ಕ್ ಇರುವವರಿಗೆ ಮಾತ್ರ ಟೆಸ್ಟ್, ಖಾಲಿಹೊಟ್ಟೆಯಲ್ಲಿ 5.6 ಅಥವಾ 2 ಗಂಟೆಗೆ 7.8. ಆ 7.8 ಅಂದರೆ ನಮ್ಮ 140 ಅಲ್ವಾ, ಯೂನಿಟ್ ಬೇರೆ ಅಷ್ಟೇ (ಅಲ್ಲಿ mmol/L, ನಮ್ಮಲ್ಲಿ mg/dL). ಇಂಥದ್ದನ್ನೆಲ್ಲ ಒಂದೇ ನೋಟ್‌ಬುಕ್ಕಿನಲ್ಲಿ ಎದುರುಬದುರು ಬರೆದಿಡಿ.

ಬಲ್ಮಠ ಒಬಿಜಿ:
ಅಕ್ಕ ಹೇಳಿದ್ದು ಸರಿ. ಇನ್ನೊಂದು, ಸುಮ್ನೆ ಓದುತ್ತಾ ಕೂತರೆ ಸಾಲದು. ಪರೀಕ್ಷೆಯಲ್ಲಿ ಎರಡು ಪೇಪರ್, ತಲಾ 3 ಗಂಟೆ, ಒಂದೊಂದರಲ್ಲೂ 50 ಎಸ್‌ಬಿಎ (ಅತ್ಯಂತ ಸರಿಯಾದ ಒಂದೇ ಉತ್ತರ ಆರಿಸುವುದು), 50 ಇಎಂಕ್ಯೂ (ಉದ್ದ ಪಟ್ಟಿಯಿಂದ ಉತ್ತರ ಹೊಂದಿಸುವುದು). ಒಂದು ಗೈಡ್‌ಲೈನ್ ಮುಗಿದ ಕೂಡಲೇ ಅದರ ಪ್ರಶ್ನೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ. ಭಾನುವಾರ ಸಂಜೆ ನಾವು ಕೆಲವರು ಒಟ್ಟಿಗೆ ಕೂರುತ್ತೇವೆ, ಬರುವುದಾದರೆ ಮೆಸೇಜ್ ಹಾಕಿ.