ಪ್ರಶ್ನೋತ್ತರ: ಗಿರಿ ಪಕ್ಕದ ಹೋಂಸ್ಟೇ, ಮಳೆಯಿಂದ ಬೇಸಿಗೆವರೆಗೆ ಏನಿದ್ದರೂ ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಉತ್ತರ ಕೊಡುವವರು ಗುಡ್ಡದಮನೆ ಅಕ್ಕ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವರು. ಮುಳ್ಳಯ್ಯನಗಿರಿ ಕೆಳಗೆ ಸ್ವಂತ ಹೋಂಸ್ಟೇ ಇದೆ, ಬೇರೆಯವರ ಹೋಂಸ್ಟೇಗಳಿಗೂ ಹೋಗಿ ನೀರು, ಗ್ಯಾಸು, ಕರೆಂಟು ಎಲ್ಲ ಸರಿಯಿದೆಯಾ ಅಂತ ನೋಡಿ ಹೇಳುತ್ತಾರೆ. ಮಳೆ ಬಿಡುತ್ತಾ ಬಂತು, ದಸರಾ ರಜೆಗೆ ಜನ ಬರುವ ಮೊದಲು ಕೇಳೋದಿದ್ದರೆ ಕೇಳಿ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಮೆಸೇಜ್ ಬೇಡ, ದಯವಿಟ್ಟು.

ಏಲಕ್ಕಿ ತೋಟ: ಅಕ್ಕ ನಮಸ್ತೆ, ಸಮಯ ಕೊಟ್ಟಿದ್ದಕ್ಕೆ ತುಂಬಾ ಥ್ಯಾಂಕ್ಸ್. ನಮ್ಮಲ್ಲಿ ಬರುವ ಗೆಸ್ಟ್‌ಗಳಿಗೆಲ್ಲ ಇಂಬಳದ್ದೇ (ರಕ್ತ ಹೀರುವ ಜಿಗಣೆ) ಭಯ. ಏನು ಮಾಡಿದರೆ ಒಳ್ಳೆಯದು?

ಗುಡ್ಡದಮನೆ ಅಕ್ಕ: ನಮಸ್ತೆ. ಮಂಡಿವರೆಗೆ ಬರುವ ಇಂಬಳದ ಸಾಕ್ಸ್ ನಾಲ್ಕೈದು ಜೊತೆ ತಂದಿಡಿ, ಬಾಡಿಗೆಗೆ ಕೊಡಿ. ಹತ್ತಿದರೆ ಗಾಬರಿಯಲ್ಲಿ ಎಳೆಯಬಾರದು, ಉಗುರನ್ನು ಅದರ ಬಾಯಿ ಪಕ್ಕ ಜಾರಿಸಿದರೆ ತಾನೇ ಬಿಡುತ್ತದೆ. ಬೆಂಕಿಕಡ್ಡಿಯಿಂದ ಸುಡೋದು ಬೇಡ. ಬಿಟ್ಟ ಮೇಲೂ ರಕ್ತ ಸ್ವಲ್ಪ ಹೊತ್ತು ಬರುತ್ತಲೇ ಇರುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಅದರ ಜೊಲ್ಲಿನಲ್ಲಿದೆ, ಅಷ್ಟೇ. ಸೋಪು ಹಾಕಿ ತೊಳೆದು ಬಟ್ಟೆ ಒತ್ತಿ ಹಿಡಿದರೆ ಸಾಕು. ಇದನ್ನೆಲ್ಲ ಗೆಸ್ಟ್ ಬಂದ ತಕ್ಷಣ ಕಾಫಿ ಕೊಡುವಾಗಲೇ ಹೇಳಿಬಿಡಿ, ಕಾಲಲ್ಲಿ ನೋಡಿ ಕಿರುಚಿದ ಮೇಲೆ ಹೇಳಿದರೆ ಯಾರೂ ಕೇಳಿಸಿಕೊಳ್ಳೋದಿಲ್ಲ.

ಹೊಸ ಹೋಂಸ್ಟೇ: ಅಕ್ಕ, ನೀಲಕುರಿಂಜಿ ಈ ವರ್ಷ ಇದೆಯಾ ಅಂತ ದಿನಾ ಫೋನ್ ಬರುತ್ತದೆ. ಇದೆ ಅಂತ ಹಾಕಿಕೊಳ್ಳಬಹುದಾ?

ಗುಡ್ಡದಮನೆ ಅಕ್ಕ: ಸುಳ್ಳು ಹೇಳಿ ಕರೆಸಬೇಡಿ. ಅದು ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಹೂವು. ನಮ್ಮ ಗಿರಿಗಳ ಚಂದ್ರದ್ರೋಣ ಸಾಲಿನಲ್ಲಿ 2022ರಲ್ಲಿ ಅರಳಿತ್ತು, ಅಲ್ಲಿಂದ ಹನ್ನೆರಡು ವರ್ಷ ಕೂಡಿಸಿ. ಕುರಿಂಜಿ ಜಾತಿಯಲ್ಲಿ ಬೇರೆ ಬೇರೆ ಲೆಕ್ಕದಲ್ಲಿ ಅರಳುವ ಗಿಡಗಳೂ ಇವೆ, ಅಲ್ಲಲ್ಲಿ ಒಂದಷ್ಟು ಕಾಣಬಹುದು. ಗುಡ್ಡ ಪೂರ್ತಿ ನೀಲಿ ಅನ್ನೋ ಫೋಟೊ ಮಾತ್ರ ಹಾಕಬೇಡಿ.

ಕಳಸ ಕಡೆಯವ: ಅಕ್ಕ ನಮಸ್ಕಾರ, ನನ್ನದು ರಿವ್ಯೂ ಪ್ರಶ್ನೆ. ಹೋದ ವಾರ ಬಂದಿದ್ದ ಗಂಡ ಹೆಂಡತಿ ಒಂದು ಸ್ಟಾರ್ ಕೊಟ್ಟು ಊಟ ಸರಿ ಇರಲಿಲ್ಲ, ಫುಡ್ ಪಾಯ್ಸನ್ ಆಯ್ತು ಅಂತ ಬರೆದಿದ್ದಾರೆ. ಊಟ ಎಲ್ಲರಿಗೂ ಒಂದೇ, ಕಡುಬು, ಕೋಳಿ ಸಾರು, ನಾವೂ ಅದನ್ನೇ ತಿಂದಿದ್ದು, ಯಾರಿಗೂ ಏನೂ ಆಗಿಲ್ಲ. ಆ ಹೆಂಗಸಿಗೆ ಬೆಳಗ್ಗೆ ಸ್ನಾನ ಮಾಡಿ ಬಂದ ಮೇಲೆ ತಲೆ ಸುತ್ತಿ ವಾಕರಿಕೆ ಬಂತು, ಜಗಲಿಯಲ್ಲಿ ಕೂತು ನಿಂಬೆ ಶರಬತ್ತು ಕುಡಿದ ಮೇಲೆ ಸರಿಯಾದರು. ಘಾಟಿ ರಸ್ತೆ ಆಗಿಬರಲಿಲ್ಲವೇನೋ ಅಂದುಕೊಂಡೆ. ನಿನ್ನೆ ಬಂದ ಫ್ಯಾಮಿಲಿಯ ಹುಡುಗನಿಗೂ ಅದೇ ರೂಮಿನಲ್ಲಿ ವಾಂತಿ ಆಯ್ತು. ನಮ್ಮತ್ತೆ ಆ ರೂಮಿಗೆ ದೃಷ್ಟಿ ಆಗಿದೆ, ಹೋಮ ಮಾಡಿಸಿ ಅಂತಾರೆ. ಅದಿರಲಿ, ರಿವ್ಯೂಗೆ ಏನು ಉತ್ತರ ಬರೆಯಲಿ?

ಗುಡ್ಡದಮನೆ ಅಕ್ಕ: ರಿವ್ಯೂ ಬಿಡಿ. ಆ ರೂಮಿನ ಬಾತ್‌ರೂಮಿನಲ್ಲಿ ಬಿಸಿನೀರು ಯಾವುದರಿಂದ? ಹುಡುಗನಿಗೆ ವಾಂತಿ ಆಗಿದ್ದು ಊಟ ಆದ ಮೇಲೋ ಸ್ನಾನ ಆದ ಮೇಲೋ? ಬೇಗ ಹೇಳಿ.

ಬಣಕಲ್ ಹುಡುಗ: ಅಕ್ಕ ಇಂಬಳಕ್ಕೆ ಏನು ಹಚ್ಚಬೇಕು?

ಕಳಸ ಕಡೆಯವ: ಸ್ನಾನ ಆದ ಮೇಲೆ. ಗ್ಯಾಸ್ ಗೀಸರ್ ಅಕ್ಕ, ಬಾತ್‌ರೂಮ್ ಒಳಗೇ ಇದೆ, ಸಿಲಿಂಡರ್ ಹೊರಗೆ. ಕಿಟಕಿ ಇದೆ, ಆದರೆ ಮಳೆ ಎರಚಲು ಹೊಡೆಯುತ್ತೆ ಅಂತ ಜೂನ್‌ನಲ್ಲಿ ಪ್ಲಾಸ್ಟಿಕ್ ಶೀಟ್ ಹೊಡೆದಿದ್ದೆ. ಗ್ಯಾಸ್ ಲೀಕ್ ಇಲ್ಲ, ಸೋಪಿನ ನೊರೆ ಹಾಕಿ ನೋಡಿದ್ದೇನೆ, ವಾಸನೆಯೂ ಇಲ್ಲ.

ಗುಡ್ಡದಮನೆ ಅಕ್ಕ: ಈಗಲೇ ಎದ್ದು ಹೋಗಿ ಆ ಸಿಲಿಂಡರಿನ ರೆಗ್ಯುಲೇಟರ್ ಬಿಚ್ಚಿ. ಬಂದು ಉಳಿದದ್ದು ಓದಿ.

ಇದು ಲೀಕ್ ಅಲ್ಲ. ಗ್ಯಾಸ್ ಉರಿಯೋಕೆ ಗಾಳಿ ಬೇಕು. ಚಿಕ್ಕ ಬಾತ್‌ರೂಮು, ಬಾಗಿಲು ಚಿಲಕ, ಕಿಟಕಿಗೆ ಪ್ಲಾಸ್ಟಿಕ್, ಒಳಗೆ ಬರ್ನರ್ ಉರಿಯುತ್ತಾ ಇದೆ. ಐದು ಹತ್ತು ನಿಮಿಷದಲ್ಲಿ ಒಳಗಿನ ಆಕ್ಸಿಜನ್ ಕಡಿಮೆ ಆಗಿ ಉರಿ ಅರ್ಧಂಬರ್ಧ ಆಗುತ್ತದೆ, ಆಗ ಹುಟ್ಟೋದು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಸಿಲಿಂಡರ್ ಗ್ಯಾಸಿಗೆ ವಾಸನೆ ಬರೋದು ಲೀಕ್ ಆದರೆ ಗೊತ್ತಾಗಲಿ ಅಂತ ಕಂಪನಿಯವರು ಬೇರೆಯಾಗಿ ಸೇರಿಸಿರುತ್ತಾರೆ, ಉರಿದ ಮೇಲೆ ಹುಟ್ಟುವ ಈ ವಿಷಕ್ಕೆ ಅದೂ ಇಲ್ಲ. ನಿಮ್ಮ ಸೋಪಿನ ನೊರೆಯಲ್ಲಿ ಇದು ಯಾವತ್ತೂ ಕಾಣೋದಿಲ್ಲ. ರಕ್ತದ ಹಿಮೊಗ್ಲೋಬಿನ್‌ಗೆ ಇದು ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಬಲವಾಗಿ ಅಂಟಿಕೊಳ್ಳುತ್ತದೆ, ಆಕ್ಸಿಜನ್‌ಗೆ ಜಾಗವೇ ಸಿಗೋದಿಲ್ಲ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ಕಾಲಲ್ಲಿ ಬಲ ಇರೋದಿಲ್ಲ, ಚಿಲಕ ತೆಗೆಯೋಣ ಅಂದರೂ ಆಗೋದಿಲ್ಲ. ಆ ಹೆಂಗಸು ಸರಿಹೋಗಿದ್ದು ನಿಂಬೆ ಶರಬತ್ತಿನಿಂದ ಅಲ್ಲ ಮಾರಾಯ್ರೆ, ಜಗಲಿಯ ಗಾಳಿಯಿಂದ. ಇನ್ನೊಂದು ಬಕೆಟ್ ನೀರು ಹಿಡಿದಿದ್ದರೆ ನೀವು ಇಲ್ಲಿ ರಿವ್ಯೂ ಬಗ್ಗೆ ಕೇಳುತ್ತಿರಲಿಲ್ಲ. ಚಳಿಗಾಲ ಬಂತೆಂದರೆ ಇಂಥ ಸಾವಿನ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ, ನೀವೂ ಓದಿರುತ್ತೀರಿ.

ನಿನ್ನೆಯ ಫ್ಯಾಮಿಲಿ ಇನ್ನೂ ಅಲ್ಲೇ ಇದ್ದರೆ ಹುಡುಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಹೊರಟಿದ್ದರೆ ಫೋನ್ ಮಾಡಿ. ಡಾಕ್ಟರ ಹತ್ತಿರ "ಗ್ಯಾಸ್ ಗೀಸರ್ ಇದ್ದ ಬಾತ್‌ರೂಮ್" ಅಂತ ಬಾಯಿಬಿಟ್ಟು ಹೇಳಿ. ಯಾಕೆಂದರೆ ಬೆರಳಿಗೆ ಹಾಕುವ ಆಕ್ಸಿಮೀಟರ್‌ಗೆ ಇದರ ವ್ಯತ್ಯಾಸ ಗೊತ್ತಾಗೋದಿಲ್ಲ, 98 ತೋರಿಸಿ ಎಲ್ಲರನ್ನೂ ಸಮಾಧಾನ ಮಾಡಿಬಿಡುತ್ತದೆ. ಹೋದ ವಾರದ ದಂಪತಿಗೂ ಫೋನ್ ಮಾಡಿ. ಆಕೆ ಬಸುರಿ ಆಗಿದ್ದರೆ ಮಗುವಿಗೆ ಇನ್ನೂ ಅಪಾಯ, ತಡ ಮಾಡದೆ ತೋರಿಸಿಕೊಳ್ಳಲಿ. ನಾಚಿಕೆ ಆಗುತ್ತದೆ ಅಂತ ಸುಮ್ನೆ ಇರಬೇಡಿ.

ಕಳಸ ಕಡೆಯವ: ಬಿಚ್ಚಿದೆ ಅಕ್ಕ. ಕೈ ನಡುಗುತ್ತಿದೆ. ಫ್ಯಾಮಿಲಿ ಶೃಂಗೇರಿಗೆ ಹೋಗಿದ್ದಾರೆ, ಫೋನ್ ಮಾಡುತ್ತೇನೆ.

ಸಕಲೇಶಪುರ ಸೊಸೆ: ಅಯ್ಯೋ. ನಮ್ಮದೂ ಗ್ಯಾಸ್ ಗೀಸರೇ. ಎಗ್ಸಾಸ್ಟ್ ಫ್ಯಾನ್ ಇದೆ, ಸಾಕಲ್ವಾ ಅಕ್ಕ?

ಗುಡ್ಡದಮನೆ ಅಕ್ಕ: ಸಾಕಾಗೋದಿಲ್ಲ. ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ, ಗೀಸರ್ ನಿಲ್ಲೋದಿಲ್ಲ. ಮಲೆನಾಡಿನಲ್ಲಿ ಮಳೆ ಬಿದ್ದರೆ ಕರೆಂಟಿನ ಕಥೆ ನಿಮಗೇ ಗೊತ್ತು. ಹೊಸ ಗಾಳಿ ಒಳಗೆ ಬರುವ ದಾರಿ ಇಲ್ಲದಿದ್ದರೆ ಫ್ಯಾನ್ ತಿರುಗಿಯೂ ದೊಡ್ಡ ಪ್ರಯೋಜನ ಇಲ್ಲ. ಗ್ಯಾಸ್ ಗೀಸರ್ ಬೇಕೇಬೇಕು ಅಂದರೆ ಗೋಡೆಯ ಹೊರಗೆ, ಬಯಲಿನಲ್ಲಿ, ಮೇಲೊಂದು ಸಣ್ಣ ಮಾಡು ಮಾಡಿಸಿ, ಬರೀ ಬಿಸಿನೀರಿನ ಪೈಪು ಒಳಗೆ ಬರಲಿ. ಹೊರಗೆ ಅಂದರೆ ನಿಜವಾಗಿ ಹೊರಗೆ, ಪಕ್ಕದ ಸ್ಟೋರ್ ರೂಮಿನಲ್ಲಲ್ಲ, ಕಿಟಕಿ ಕೆಳಗೂ ಅಲ್ಲ. ಕರೆಂಟ್ ಗೀಸರ್ ಹಾಕಿಸುವವರು ಅರ್ಥಿಂಗ್ ಸರಿಯಾಗಿ ಮಾಡಿಸಿ, ಆರ್‌ಸಿಸಿಬಿ (ಕರೆಂಟ್ ಲೀಕ್ ಆದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ. ನನ್ನ ಕೇಳಿದರೆ ಹಿತ್ತಲಲ್ಲಿ ಸೌದೆ ಬಾಯ್ಲರ್ರೇ ವಾಸಿ. ತೋಟದಲ್ಲಿ ಮರಗಸಿ ಮಾಡಿದ (ನೆರಳು ಮರದ ಕೊಂಬೆ ಕಡಿದ) ಸೌದೆ ಹೇಗೂ ಇರುತ್ತದೆ, ಸೋಲಾರ್ ಜುಲೈನಲ್ಲಿ ಕೈಕೊಟ್ಟಾಗ ಅದೇ ಗತಿ. ಮೊನಾಕ್ಸೈಡ್ ಅಲಾರಂ ಆನ್‌ಲೈನ್‌ನಲ್ಲಿ ಸಿಗುತ್ತದೆ, ತರಿಸಿಕೊಳ್ಳಿ, ಆದರೆ ಅಲಾರಂ ಇದೆ ಅಂತ ಗೀಸರ್ ಒಳಗೆ ಇಡಬೇಡಿ.

ಇದೇ ಮಾತು ಕೆಂಡಕ್ಕೂ. ಡಿಸೆಂಬರ್ ಚಳಿಗೆ ಕ್ಯಾಂಪ್ ಫೈರಿನ ಕೆಂಡವನ್ನು ಬಾಣಲೆಯಲ್ಲಿ ತುಂಬಿಕೊಂಡು ರೂಮಿಗೋ ಟೆಂಟಿಗೋ ಒಯ್ಯುವ ಗೆಸ್ಟ್‌ಗಳಿದ್ದಾರೆ. ಬಿಡಬೇಡಿ. ಎರಡು ರಗ್ಗು ಜಾಸ್ತಿ ಕೊಡಿ.

ತೋಟದ ಕಾಕ: ಗೀಸರ್ ಇರುವ ಬಾತ್‌ರೂಮಿನಲ್ಲಿ ಒಂದು ಬಕೆಟ್ ಉಪ್ಪುನೀರು ಮತ್ತು ಹೆಚ್ಚಿದ ಈರುಳ್ಳಿ ಇಟ್ಟರೆ ವಿಷಗಾಳಿಯನ್ನು ಪೂರ್ತಿ ಹೀರಿಕೊಳ್ಳುತ್ತದೆ. ಎಲ್ಲರಿಗೂ ಹಂಚಿ, ಜೀವ ಉಳಿಸಿ 🙏🙏

ಗುಡ್ಡದಮನೆ ಅಕ್ಕ: ಅಡ್ಮಿನ್, ಇದನ್ನು ತೆಗೆಯಿರಿ. ಇದನ್ನು ನಂಬಿ ಚಿಲಕ ಹಾಕಿಕೊಂಡು ಸ್ನಾನಕ್ಕೆ ಕೂತವರು ಸಾಯುತ್ತಾರೆ. ಈರುಳ್ಳಿ ಸಾರಿಗೆ ಹಾಕಿ.

ತೋಟದ ಕಾಕ: ಒಳ್ಳೆಯದಕ್ಕೇ ಹಾಕಿದ್ದು ಕಣಮ್ಮ, ಇಷ್ಟು ಖಾರ ಯಾಕೆ.

ಬಣಕಲ್ ಹುಡುಗ: ಅಕ್ಕ ಇಂಬಳಕ್ಕೆ?

ಗುಡ್ಡದಮನೆ ಅಕ್ಕ: ಮೇಲಿದೆ.

ಏಲಕ್ಕಿ ತೋಟ: ರೂಮಿನ ಗೋಡೆ, ಬೀರು, ಹಾಸಿಗೆ ಎಲ್ಲ ಬೂಷ್ಟು ಹಿಡಿದಿದೆ. ಬೇರೆ ಗ್ರೂಪಿನಲ್ಲಿ ಬ್ಲೀಚಿಂಗ್ ಪೌಡರಿಗೆ ಟಾಯ್ಲೆಟ್ ಆ್ಯಸಿಡ್ ಕಲಸಿ ಹಚ್ಚಿ, ಒಂದೇ ಸಲಕ್ಕೆ ಹೋಗುತ್ತೆ ಅಂತ ಬಂದಿದೆ, ಮಾಡಬಹುದಾ?

ಗುಡ್ಡದಮನೆ ಅಕ್ಕ: ಖಂಡಿತ ಬೇಡ! ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಶ್ವಾಸಕೋಶ ಸುಟ್ಟುಹೋಗುತ್ತದೆ. ಕ್ಲೀನ್ ಮಾಡುವ ಹುಡುಗಿಯ ಕೈಗೆ ಇದನ್ನು ಕೊಟ್ಟು ಬಾಗಿಲು ಮುಚ್ಚಿದಿರೋ, ಅಷ್ಟೇ. ಇಂಥದ್ದನ್ನು ಯಾರು ಕೂತು ಬರೆಯುತ್ತಾರೋ ನಾ ಕಾಣೆ. ಗೋಡೆಗೆ ಬ್ಲೀಚ್ ಒಂದನ್ನೇ ನೀರಿಗೆ ಬೆರೆಸಿ, ಕಿಟಕಿ ತೆಗೆದಿಟ್ಟು, ಕೈಗವಸು ಹಾಕಿಕೊಂಡು ಒರೆಸಿ. ಒಣಗಿದ ಮೇಲೆ ಸುಣ್ಣ. ಹಾಸಿಗೆ ಗೋಡೆಗೆ ತಾಗದ ಹಾಗೆ ಇಡಿ, ಮಂಚದ ಕೆಳಗೆ ಗಾಳಿ ಆಡಲಿ. ಜುಲೈ, ಆಗಸ್ಟ್‌ನಲ್ಲಿ ಬುಕಿಂಗ್ ಕಡಿಮೆ ಇರುವಾಗ ಎಲ್ಲ ರೂಮನ್ನೂ ತೆರೆದಿಡುವ ಆಸೆ ಬಿಡಿ. ಎರಡು ರೂಮು ನಡೆಸಿ. ಉಳಿದ ರೂಮಿನ ಹಾಸಿಗೆಗಳನ್ನು ಅಡುಗೆಮನೆ ಅಟ್ಟಕ್ಕೆ ಹಾಕಿ, ಹೊಗೆ ಬಿಸಿಗೆ ಒಣಗಿಯೇ ಇರುತ್ತವೆ.

ಬೆಂಗಳೂರು ಟು ಮಲೆನಾಡು: ಗೆಸ್ಟ್ ಆಗಿ ಕೇಳುತ್ತಿದ್ದೇನೆ. ಮುಳ್ಳಯ್ಯನಗಿರಿಗೆ ಗಾಡಿ ಆನ್‌ಲೈನ್ ಬುಕ್ ಮಾಡಬೇಕು ಅಂತ ಹೋಂಸ್ಟೇಯವರು ಹೇಳಲೇ ಇಲ್ಲ, ಚೆಕ್‌ಪೋಸ್ಟಿನಿಂದ ವಾಪಸ್ ಬಂದೆವು. ಇದು ಯಾರ ತಪ್ಪು?

ಗುಡ್ಡದಮನೆ ಅಕ್ಕ: ಹೇಳಬೇಕಿತ್ತು. ಬುಕಿಂಗ್ ಕನ್ಫರ್ಮ್ ಮಾಡುವ ಮೆಸೇಜಿನಲ್ಲೇ ಲಿಂಕ್ ಹಾಕಿ ಎಲ್ಲರೂ. ಬೆಳಗ್ಗೆ ಬೇರೆ ಸ್ಲಾಟ್, ಮಧ್ಯಾಹ್ನ ಬೇರೆ ಸ್ಲಾಟ್. ಕುದುರೆಮುಖ ಚಾರಣಕ್ಕೂ ಅರಣ್ಯ ಇಲಾಖೆಯ ಆನ್‌ಲೈನ್ ಟಿಕೆಟ್ ಬೇಕು.

ಗಿರಿ ಜೀಪು: ಈ ಸ್ಲಾಟ್ ಬಂದ ಮೇಲೆ ನಮ್ಮ ಹೊಟ್ಟೆ ಮೇಲೆ ಹೊಡೆದಿದ್ದಾರೆ. ಗಿರಿ ನಂಬಿ ಸಾಲ ಮಾಡಿ ಜೀಪು ತಗೊಂಡವರು ಏನು ಮಾಡಬೇಕು?

ಶೋಲಾ ಕಾವಲು: ಮೊದಲು ಹುಲ್ಲುಗಾವಲಿನ ಮೇಲೆ ಜೀಪು ಹತ್ತಿಸೋದು ನಿಲ್ಲಿಸಿ, ಆಮೇಲೆ ಹೊಟ್ಟೆ ಮಾತು. ಒಂದು ಸಲ ಚಕ್ರ ಹೋದ ಜಾಡಿನಲ್ಲೇ ಮುಂದಿನ ಮಳೆಗೆ ಮಣ್ಣು ಕೊಚ್ಚುತ್ತದೆ. ಆ ಹುಲ್ಲು ಮತ್ತು ಗುಡ್ಡದ ಮಡಿಲಿನ ಶೋಲಾ ಕಾಡು ನೀರು ಹಿಡಿದಿಡುವುದಕ್ಕೇ ಬೇಸಿಗೆಯಲ್ಲೂ ಹಳ್ಳ ಹರಿಯೋದು. ತುಂಗಾ, ಭದ್ರಾ ಹುಟ್ಟುವ ಗಂಗಾಮೂಲವೂ ಇಂಥದ್ದೇ ಗುಡ್ಡ.

ಗಿರಿ ಜೀಪು: ಹುಲ್ಲಿನ ಮೇಲೆ ಹತ್ತಿಸುವವರು ಹೊರಗಿನ ಥಾರ್‌ನವರು, ನಾವಲ್ಲ. ಫೋಟೊ ಇದ್ದರೆ ಹಾಕಿ.

ಶೋಲಾ ಕಾವಲು: ಹಾಕಿದರೆ ನಿಮ್ಮ ಯೂನಿಯನ್ನಿನವರದ್ದೇ ಇರುತ್ತದೆ, ಬೇಡ ಬಿಡಿ.

ಹೊಸ ಹೋಂಸ್ಟೇ: ಕಾಯಿಲೆ ಜೀಪಲ್ಲ, ಲೈಸೆನ್ಸ್ ಇಲ್ಲದ ಹೋಂಸ್ಟೇಗಳು. ಓನರ್ ಬೆಂಗಳೂರಿನಲ್ಲಿ, ಇಲ್ಲಿ ಮ್ಯಾನೇಜರ್ ಒಬ್ಬ, ರಾತ್ರಿ ಪೂರ್ತಿ ಡಿಜೆ. ಮನೆಯವರೇ ಇಲ್ಲದ ಮೇಲೆ ಅದು ಯಾವ ಹೋಂಸ್ಟೇ?

ಬೆಂಗಳೂರು ಟು ಮಲೆನಾಡು: ಬೆಂಗಳೂರಿನವರ ದುಡ್ಡು ಬೇಕು, ಬೆಂಗಳೂರಿನವರು ಬೇಡ. ಚೆನ್ನಾಗಿದೆ.

ಗಿರಿ ಜೀಪು: ದುಡ್ಡು ಕೊಟ್ಟು ಬಾಟಲಿ ಒಡೆದು ಹೋಗುತ್ತೀರಲ್ಲ, ನಮ್ಮ ಹಸುವಿನ ಕಾಲು ಕೊಯ್ದಿದೆ ಸ್ವಾಮಿ.

ಅಡ್ಮಿನ್: ವಿಷಯಕ್ಕೆ ಬನ್ನಿ.

ಸಕಲೇಶಪುರ ಸೊಸೆ: ಅಕ್ಕ, ಜಿಎಸ್‌ಟಿ ಬಗ್ಗೆ ಒಂದು ಮಾತು...

ಹೊಸ ಹೋಂಸ್ಟೇ: ಡಿಸೆಂಬರ್ 31ಕ್ಕೆ ತಲೆಗೆ ಎಷ್ಟು ಹಾಕುತ್ತೀರಿ ಎಲ್ಲರೂ?

ಕೊಪ್ಪದಿಂದ: ಅಕ್ಕ, ಫೆಬ್ರವರಿ ಮಾರ್ಚ್‌ನಲ್ಲಿ ಮಂಗನ ಕಾಯಿಲೆ ಅಂತ ಹೇಳಿ ಬುಕಿಂಗ್ ಕ್ಯಾನ್ಸಲ್ ಮಾಡುತ್ತಾರೆ. ಮುಚ್ಚಿಡೋದಾ, ಹೇಳೋದಾ?

ಗುಡ್ಡದಮನೆ ಅಕ್ಕ: ಹೇಳಿ. ಇದು 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಪತ್ತೆಯಾದಾಗಿನಿಂದ ನಮ್ಮ ಜೊತೆ ಇರುವ ಕಾಯಿಲೆ, ಮುಚ್ಚಿಟ್ಟರೆ ಹೋಗೋದಿಲ್ಲ. ಮಳೆ ನಿಂತು ತರಗೆಲೆ ಒಣಗಿದ ಮೇಲೆ ಮೇವರೆಗೂ ಈ ಕಾಯಿಲೆ ಹರಡುವ ಉಣ್ಣೆ ಹುಳ (ಉಣುಗು) ಜಾಸ್ತಿ. ಆ ತಿಂಗಳುಗಳಲ್ಲಿ ಗೆಸ್ಟ್‌ಗಳನ್ನು ಕಾಡಿನೊಳಗೆ ನಡೆಸಬೇಡಿ, ತರಗೆಲೆ ಮೇಲೆ ಕೂರಿಸಬೇಡಿ, ತೋಟದ ರಸ್ತೆಯಲ್ಲಿ ಕಾಫಿ ಹೂವು ತೋರಿಸಿ ಸಾಕು. ಆರೋಗ್ಯ ಇಲಾಖೆಯವರು ಕೊಡುವ, ಉಣ್ಣೆ ಹತ್ತದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ ತಂದಿಟ್ಟುಕೊಳ್ಳಿ. ಸತ್ತ ಮಂಗ ಕಂಡರೆ ಮುಟ್ಟದೆ ಫೋನ್ ಮಾಡಿ. ಊರಿಗೆ ಹೋದ ಮೇಲೆ ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಲಿ, ಇಲ್ಲವಾದರೆ ಬೆಂಗಳೂರಿನಲ್ಲಿ ಡೆಂಗ್ಯೂ ಟೆಸ್ಟ್ ಮಾಡಿ ಕೂತಿರುತ್ತಾರೆ.

ತೋಟದ ಕಾಕ: ಮನೆ ಸುತ್ತ ಫಿನಾಯಿಲ್, ಬೆಳ್ಳುಳ್ಳಿ, ಗಂಧಕ ಹಾಕಿದರೆ ಹಾವು ಬರುವುದಿಲ್ಲ. ನೂರಕ್ಕೆ ನೂರು ಸತ್ಯ.

ಗುಡ್ಡದಮನೆ ಅಕ್ಕ: ಕಾಕ, ಸಾಕು ಮಾಡಿ. ಫಿನಾಯಿಲ್ ಮೇಲೆಯೇ ಹಾವು ಹರಿದು ಹೋಗುತ್ತದೆ. ಹಾವು ಬರೋದು ಇಲಿಗೆ, ಇಲಿ ಬರೋದು ನೀವು ಹಿತ್ತಲಲ್ಲಿ ಸುರಿಯುವ ಅನ್ನಕ್ಕೆ. ಕಚ್ಚಿದರೆ ಕಟ್ಟಬೇಡಿ, ಕೊಯ್ಯಬೇಡಿ, ಕಾಲು ಅಲ್ಲಾಡಿಸದೆ ಔಷಧ ಇರುವ ಆಸ್ಪತ್ರೆಗೆ ಒಯ್ಯಿರಿ. ಯಾವ ಆಸ್ಪತ್ರೆಯಲ್ಲಿದೆ ಅಂತ ಇವತ್ತೇ ಕೇಳಿ ಗೋಡೆ ಮೇಲೆ ಬರೆದಿಡಿ.

ತೋಟದ ಕಾಕ: ಓದಿದವರ ಜೊತೆ ಮಾತಾಡಬಾರದು.

ಬಣಕಲ್ ಹುಡುಗ: ಉಪ್ಪು ಹಾಕಬಹುದಾ ಇಂಬಳಕ್ಕೆ?

ಗುಡ್ಡದಮನೆ ಅಕ್ಕ: ಓದಿ, ಆಮೇಲೆ ಕೇಳಿ. ಮೂರನೇ ಸಲ.

ಕಳಸ ಕಡೆಯವ: ಅಕ್ಕ, ಫ್ಯಾಮಿಲಿ ಸಿಕ್ಕಿದರು, ಹುಡುಗ ಆಟ ಆಡುತ್ತಿದ್ದಾನಂತೆ, ಆದರೂ ಶೃಂಗೇರಿಯಲ್ಲಿ ತೋರಿಸುತ್ತಾರೆ. ಹೋದ ವಾರದವರು ಮೊದಲು ಬೈದರು, ಆಮೇಲೆ ಕೇಳಿಸಿಕೊಂಡರು. ಗೀಸರ್ ಹೊರಗೆ ಹಾಕೋಕೆ ಪ್ಲಂಬರ್ ಮಂಗಳವಾರ ಬರುತ್ತಾನೆ. ನಾಳೆ ಆ ರೂಮಿಗೆ ಬುಕಿಂಗ್ ಇದೆ. ಕಿಟಕಿ ಪ್ಲಾಸ್ಟಿಕ್ ಕಿತ್ತಿದ್ದೇನೆ, ಒಂದು ದಿನದ ಮಟ್ಟಿಗೆ ಬಾಗಿಲು ಸ್ವಲ್ಪ ತೆರೆದಿಟ್ಟು ಸ್ನಾನ ಮಾಡಿ ಅಂದರೆ ಆಗಲ್ವಾ?

ಗುಡ್ಡದಮನೆ ಅಕ್ಕ: ಆಗಲ್ಲ. ಯಾವ ಗೆಸ್ಟ್ ಬಾಗಿಲು ತೆರೆದಿಟ್ಟು ಸ್ನಾನ ಮಾಡುತ್ತಾರೆ? ಹಂಡೆಯಲ್ಲಿ ಕಾಯಿಸಿ ಬಕೆಟ್ಟಿನಲ್ಲಿ ಕೊಡಿ, ಆಗದಿದ್ದರೆ ಬುಕಿಂಗ್ ಕ್ಯಾನ್ಸಲ್ ಮಾಡಿ ದುಡ್ಡು ವಾಪಸ್ ಮಾಡಿ. ಇನ್ನೊಂದು ರೂಮಿನದ್ದೂ ಒಳಗೇ ಇದೆಯಾ?

ಕಳಸ ಕಡೆಯವ: ಹೌದು ಅಕ್ಕ.

ಗುಡ್ಡದಮನೆ ಅಕ್ಕ: ಅದನ್ನೂ ಬಿಚ್ಚಿ. ಎರಡರದ್ದೂ ಫೋಟೊ ಇಲ್ಲಿ ಹಾಕಿ, ಆಮೇಲೆ ನಾನು ಅಡುಗೆಗೆ ಹೋಗುತ್ತೇನೆ.

ಏಲಕ್ಕಿ ತೋಟ: ಅಕ್ಕ, ನಾಯಿ ಕರೆತರುವ ಗೆಸ್ಟ್‌ಗಳಿಗೆ ಎಕ್ಸ್‌ಟ್ರಾ ಹಾಕಬಹುದಾ?

ಕಳಸ ಕಡೆಯವ: [ಫೋಟೊ] [ಫೋಟೊ] ಬಿಚ್ಚಿದೆ. ರಿವ್ಯೂಗೆ ಏನು ಬರೆಯಲಿ ಅಂತ ಹೇಳಲೇ ಇಲ್ಲ ಅಕ್ಕ.

ಗುಡ್ಡದಮನೆ ಅಕ್ಕ: "ಊಟದಿಂದಲ್ಲ, ನಮ್ಮ ಗೀಸರಿನಿಂದ ಆಗಿದ್ದು. ತೆಗೆಸಿದ್ದೇವೆ." ಅಷ್ಟೇ ಬರೆಯಿರಿ.