ಉ: ಸ್ಕ್ರೂಜ್‌ನ ಬಳಿ ಬರುವವು ಭೂತಗಳೋ, ಪ್ರೇತಗಳೋ?

ಮಾನ್ಯರೆ,

ಡಿಕನ್ಸ್‌ನ ‘ಎ ಕ್ರಿಸ್ಮಸ್ ಕ್ಯಾರಲ್’ ಕತೆಯನ್ನು ಕ್ಲೈವ್ ಡಾನರ್ 1984ರಲ್ಲಿ ಕಿರುತೆರೆಗೆ ತಂದ, ಜಾರ್ಜ್ ಸಿ. ಸ್ಕಾಟ್ ಸ್ಕ್ರೂಜ್ ಆಗಿರುವ ಚಿತ್ರದ ಸಬ್‌ಟೈಟಲ್‌ಗಳನ್ನು ನಾಳೆಯೇ ಒಪ್ಪಿಸಬೇಕೆಂದು ಬರೆದಿದ್ದೀರಿ. ಜಿಪುಣ ಸ್ಕ್ರೂಜ್‌ನನ್ನು ತಿದ್ದಲು ಬರುವ ನಾಲ್ಕು ‘ಗೋಸ್ಟ್’ಗಳನ್ನು, ಅಂದರೆ ಅವನ ಸತ್ತ ಪಾಲುದಾರ ಮಾರ್ಲಿಯನ್ನೂ ಹಿಂದಿನ, ಇಂದಿನ, ಮುಂದಿನ ಕ್ರಿಸ್ಮಸ್ಸುಗಳ ಮೂರು ಆಕೃತಿಗಳನ್ನೂ, ಕನ್ನಡದಲ್ಲಿ ಏನೆನ್ನಬೇಕೆಂದು ಕೇಳಿದ್ದೀರಿ. ಈವರೆಗೆ ಬಂದ ಉತ್ತರಗಳೆಲ್ಲ ನಾಲ್ಕು ಆಕೃತಿಗಳಿಗೂ ಒಂದೇ ಪದವನ್ನು ಹುಡುಕುತ್ತಿವೆ, ತೊಡಕಿರುವುದೇ ಅಲ್ಲಿ.

ಮಾರ್ಲಿ ಸತ್ತವನು. ಸತ್ತು ಏಳು ವರ್ಷವಾದರೂ ಗತಿ ಕಾಣದೆ, ನಗದು ಪೆಟ್ಟಿಗೆ, ಬೀಗ, ಬೀಗದ ಕೈ, ಲೆಕ್ಕದ ಪುಸ್ತಕಗಳನ್ನು ಪೋಣಿಸಿದ ಸರಪಳಿಯನ್ನು ಎಳೆದುಕೊಂಡು ಅಲೆಯುತ್ತಿದ್ದಾನೆ. ತಲೆಗೆ ಸುತ್ತಿದ ಬಟ್ಟೆಯನ್ನು ಬಿಚ್ಚಿದರೆ ಕೆಳದವಡೆ ಎದೆಯ ಮೇಲೆ ಜೋತುಬೀಳುತ್ತದೆ ಎಂದು ಮೂಲದಲ್ಲಿಯೇ ಇದೆ. ಸಪಿಂಡೀಕರಣವಾಗದೆ, ಅಂದರೆ ಸತ್ತವರನ್ನು ಪಿತೃಗಳೊಡನೆ ಸೇರಿಸುವ ಕರ್ಮ ನಡೆಯದೆ, ಉಳಿದದ್ದನ್ನು ನಮ್ಮಲ್ಲಿ ಏನೆನ್ನುತ್ತಾರೋ ಅದೇ ಇದು. ‘ಪ್ರೇತ’ ಎನ್ನಿ, ಚರ್ಚೆ ಬೇಡ.

ಉಳಿದ ಮೂರು ಎಂದೂ ಸತ್ತವಲ್ಲ, ಆದ್ದರಿಂದ ಪ್ರೇತಗಳಲ್ಲ. ‘ಭೂತಕಾಲದ ಭೂತ’ ಎಂಬ ಸಲಹೆ ಕಿವಿಗೆ ಚೆನ್ನಾಗಿದೆ, ವ್ಯುತ್ಪತ್ತಿಗೂ ಒಪ್ಪುತ್ತದೆ, ಏಕೆಂದರೆ ಎರಡೂ ‘ಭೂ’ (ಆಗು) ಧಾತುವಿನ ಕ್ತಾಂತ ರೂಪವೇ, ಅಂದರೆ ‘ಆಗಿಹೋದದ್ದು’. ಆದರೆ ಅದೇ ನ್ಯಾಯದಿಂದ ಮೂರನೆಯದನ್ನು ‘ಭವಿಷ್ಯದ ಭೂತ’ ಎಂದರೆ, ಇನ್ನೂ ಆಗದಿರುವುದನ್ನು ಆಗಿಹೋದದ್ದು ಎಂದಂತಾಗುತ್ತದೆ. ಇದಲ್ಲದೆ, ಕೋಲ ಕಟ್ಟಿ ಭೂತವನ್ನು ಆರಾಧಿಸುವ ತುಳುನಾಡಿನವರಿಗೆ ಈ ಪದ ಬೇರೊಂದು ಲೋಕವನ್ನೇ ಕಣ್ಣಮುಂದೆ ತರುತ್ತದೆ.

‘ದೆವ್ವ’ ಅಚ್ಚಗನ್ನಡವೆಂಬ ವಾದ ನಿಲ್ಲುವುದಿಲ್ಲ. ಅದು ‘ದೈವ’ದ ತದ್ಭವ. ಸಂಸ್ಕೃತದ ಸೋಂಕಿಲ್ಲದ ಪದವೇ ಬೇಕೆಂದು ಹಟ ಹಿಡಿದವರಿಗೆ ‘ಗಾಳಿ’ ಇದೆ: ಗಾಳಿ ಸೋಕುತ್ತದೆ, ಗಾಳಿ ಬಿಡಿಸುತ್ತಾರೆ. ಮಾರ್ಲಿ ಹೊರಟುಹೋದ ಮೇಲೆ ಸ್ಕ್ರೂಜ್ ಕಿಟಕಿಯಿಂದ ಕಾಣುವ, ಆಕಾಶದ ತುಂಬ ಗೋಳಿಡುತ್ತ ಹಾರಾಡುವ ಅಸಂಖ್ಯ ಆಕೃತಿಗಳನ್ನು ಕತೆಯ ಅನುವಾದದಲ್ಲಿ ‘ಗಾಳಿಗಳು’ ಎಂದರೆ ನಾನು ಮನಸಾರೆ ಒಪ್ಪುತ್ತೇನೆ. ಆದರೆ ಎದುರು ನಿಂತು ಮಾತಾಡುವ, ಕೈಹಿಡಿದು ಕರೆದೊಯ್ಯುವ ಆಕೃತಿಗೆ ಅದು ಸಲ್ಲದು. ದೆವ್ವದ ವಿಷಯದಲ್ಲಿ ಇನ್ನೊಂದು ಅಡ್ಡಿಯೂ ಇದೆ. ಕನ್ನಡ ಬೈಬಲ್ಲಿನಲ್ಲಿ ಯೇಸು ಬಿಡಿಸುವುದು ದೆವ್ವಗಳನ್ನು. ಅದನ್ನು ಓದಿ ಬೆಳೆದವರ ಮುಂದೆ, ಸ್ಕ್ರೂಜ್‌ನನ್ನು ತಿದ್ದಲು ಬಂದ ಕ್ರಿಸ್ಮಸ್ಸಿನ ಅತಿಥಿಯನ್ನು ದೆವ್ವ ಎನ್ನಲಾಗದು. ‘ಆತ್ಮ’ವೂ ಅಲ್ಲಿ ಪವಿತ್ರಾತ್ಮಕ್ಕೆ ಮೀಸಲಾದಂತಿದೆ. ‘ಪಿಶಾಚಿ’ ಬೇಡವೇ ಬೇಡ.

ನನ್ನ ಆಯ್ಕೆ ‘ಚೇತನ’. ಹಿಂದಿನ ಕ್ರಿಸ್ಮಸ್ಸುಗಳ ಚೇತನ, ಈ ಕ್ರಿಸ್ಮಸ್ಸಿನ ಚೇತನ, ಬರಲಿರುವ ಕ್ರಿಸ್ಮಸ್ಸುಗಳ ಚೇತನ. ಮೂರನೆಯದು ಮುಸುಕು ಹೊದ್ದು, ಒಂದು ಮಾತೂ ಆಡದೆ ಸಮಾಧಿಕಲ್ಲಿನತ್ತ ಕೈಚಾಚುವಾಗ ಈ ಪದ ಮೆದುವಾಯಿತೆಂದು ಕೆಲವರಿಗೆ ಅನ್ನಿಸಬಹುದು. (ಚಿತ್ರೀಕರಣಕ್ಕೆ ಬಳಸಿದ ಆ ಕಲ್ಲು ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ, ಸೇಂಟ್ ಚಾಡ್ ಚರ್ಚಿನ ಅಂಗಳದಲ್ಲೇ ಉಳಿದುಕೊಂಡಿತ್ತು; 2024ರಲ್ಲಿ ಯಾರೋ ಅದನ್ನು ಒಡೆದುಹಾಕಿದರು.) ಭಯ ಹುಟ್ಟಿಸುವ ಕೆಲಸವನ್ನು ಆ ದೃಶ್ಯವೇ ಮಾಡುತ್ತದೆ, ಪದ ಮಾಡಬೇಕಾಗಿಲ್ಲ.

‘ಕ್ರಿಸ್ಮಸ್’ ತೆಗೆದು ‘ಕ್ರಿಸ್ತಜಯಂತಿ’ ಹಾಕಬೇಕೆಂದವರ ಮಾತನ್ನು ಬದಿಗಿಡಿ. ಹಬ್ಬ ಆಚರಿಸುವ ಕನ್ನಡಿಗರು ಹೇಳುವುದು ಕ್ರಿಸ್ಮಸ್ ಎಂದೇ; ಜನರ ನಾಲಗೆಯ ಮೇಲಿರುವ ಪದ ಎಲ್ಲಿಂದ ಬಂದಿದ್ದರೂ ಕನ್ನಡದ್ದೇ.

ಕ್ರಿಯಾಪದಗಳನ್ನು ನಪುಂಸಕದಲ್ಲಿಯೇ ಇಡಿ: ‘ಚೇತನ ಬಂತು’, ‘ಚೇತನ ನುಡಿಯಿತು’. ಮೂಲದಲ್ಲಿ ಗಂಡೋ ಹೆಣ್ಣೋ ಎಂದು ಹೇಳಲಾಗದ ಮೊದಲ ಚೇತನವನ್ನು ಇಲ್ಲಿ ಏಂಜೆಲಾ ಪ್ಲೆಸೆನ್ಸ್ ಅಭಿನಯಿಸಿದ್ದಾರೆಂದು ‘ಬಂದಳು’ ಎಂದು ಬರೆಯಬೇಡಿ. ಮಾರ್ಲಿಗೆ ಮಾತ್ರ ‘ಬಂದ’, ‘ಹೇಳಿದ’ ಇರಲಿ. ಸ್ಕ್ರೂಜ್ ಅವನನ್ನು ಹಳೆಯ ಪಾಲುದಾರನೆಂದು ಏಕವಚನದಲ್ಲಿ ಮಾತನಾಡಿಸಲಿ.